ಕಾಗದದ ಡಾಕ್ಟರು

ಬಿಳಿಗೆರೆಯ ಆ ಮನೆಗೆ ಮೊದಲ ಸಲ ಹೋದಾಗ ನನ್ನ ಹೆಗಲಚೀಲದಲ್ಲಿ ಬಟ್ಟೆಯ ಚೆಂಡು, ಬಣ್ಣದ ಕಡ್ಡಿಗಳು, ಹಳೆಯ ಕ್ಯಾಲೆಂಡರಿನ ಹಾಳೆಗಳು ಮತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿದ ಕೆರೆಮಣ್ಣಿನ ಮುದ್ದೆ ಇದ್ದವು. ತಿಪಟೂರಿನಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಮಣ್ಣಿನ ನೀರು ಸೋರಿ ಸೀರೆಗೆ ಹತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮುದುಕಿ ಚೀಲವನ್ನೇ ನೋಡುತ್ತಾ, "ಔಷ್ದಿ ತಂದಿದೀಯೇನವ್ವ?" ಎಂದು ಕೇಳಿದರು.

"ಔಷಧಿ ಅಲ್ಲಮ್ಮ, ಆಟದ ಸಾಮಾನು," ಎಂದೆ.

ಅವರು ತಿರುಗಿ ಒಳಗೆ ಹೋದರು. ನಾನೂ ಹಿಂದೆಯೇ ಹೋದೆ.

ಅದು ತೊಂಬತ್ತರ ದಶಕದ ಕೊನೆಯ ಭಾಗ. ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕೆಲಸಕ್ಕಿದ್ದೆ. ಸಂಯೋಜಕರು ಫಿಸಿಯೋಥೆರಪಿ ಓದಿದವರು. ದೇಹದ ಉಸ್ತುವಾರಿ ಅವರದು. ಮಲಗಿದವರನ್ನು ಮಗ್ಗುಲು ಬದಲಿಸುವುದು, ಕೂತಾಗ ಆಗಾಗ ಎರಡೂ ಕೈ ಊರಿ ಪೃಷ್ಠವನ್ನು ಎತ್ತುವುದು, ಹಾಸಿಗೆಹುಣ್ಣು ಬರದಂತೆ ಬೆನ್ನು ನೋಡುವುದು, ಮೂತ್ರದ ನಳಿಕೆ ಶುಚಿಯಾಗಿಡುವುದು ಇವನ್ನೆಲ್ಲ ಅವರು ಮನೆಯವರಿಗೆ ಕಲಿಸುತ್ತಿದ್ದರು. ಮನಸ್ಸಿನ ಉಸ್ತುವಾರಿ ನನ್ನದು. ಚಿತ್ರ ಬರೆಸುವುದು, ಮಣ್ಣು ಮೆತ್ತಿಸುವುದು, ಮುಖವಾಡ ಮಾಡಿಸಿ ಪಾತ್ರ ಆಡಿಸುವುದು, ಇವುಗಳಿಂದ ಒಳಗೆ ಕಟ್ಟಿಕೊಂಡ ದುಃಖ ಸಡಿಲವಾಗುತ್ತದೆ ಎಂದು ಬೆಂಗಳೂರಿನ ತರಬೇತಿಯಲ್ಲಿ ಕಲಿತು ಬಂದಿದ್ದೆ. ಅದನ್ನು ಪೂರ್ತಿ ನಂಬಿಯೂ ಇದ್ದೆ.

ಸಂಯೋಜಕರು ನನಗೆ ಹಾಕಿಕೊಟ್ಟ ಕಟ್ಟಳೆ ಒಂದೇ. "ಕಾಲು ಬರುತ್ತೋ ಇಲ್ಲವೋ ಅನ್ನೋ ಮಾತು ನೀವು ಆಡಬೇಡಿ. ಅದು ಡಾಕ್ಟರ ಕೆಲಸ. ಯಾರಾದರೂ ಕೇಳಿದರೆ, ವ್ಯಾಯಾಮ ಮಾಡ್ತಾ ಇರಿ ಅನ್ನಿ."

ಬಿಳಿಗೆರೆಯ ಆ ಗಂಡಸಿಗೆ ಮೂವತ್ತೈದರ ಆಸುಪಾಸು. ಸುತ್ತಲ ತೋಟಗಳಲ್ಲಿ ಮರ ಹತ್ತಿ ಕಾಯಿ ಕೆಡವುವುದೇ ಕಸುಬಾಗಿತ್ತು. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ತೊಯ್ದ ಮರ ಹತ್ತಿ, ತಲೆಯ ಹತ್ತಿರ ಹೋಗಿ ಗರಿ ಹಿಡಿದಾಗ ಅದು ಬುಡಸಮೇತ ಕಿತ್ತು ಕೈಗೆ ಬಂದಿತ್ತು. ನಾನು ಹೋಗುವ ಹೊತ್ತಿಗೆ ಬಿದ್ದು ಒಂದು ವರ್ಷ ದಾಟಿತ್ತು. ಮನೆ ತೋಟಗಳ ನಡುವೆಯೇ ಇದ್ದರೂ, ಮಂಚವನ್ನು ಜಗಲಿಯಲ್ಲಿ ಹಾಕಲು ಆತ ಬಿಟ್ಟಿರಲಿಲ್ಲ. ಕಿಟಕಿಯಿಲ್ಲದ ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಜೊತೆಗೆ ಇದ್ದವರು ತಾಯಿ ಮತ್ತು ಹೆಂಡತಿ. ಮಕ್ಕಳಿರಲಿಲ್ಲ. ಹೆಂಡತಿ ಬೆಳಿಗ್ಗೆ ಗಂಡನ ಮೈ ಒರೆಸಿ, ಬಟ್ಟೆ ಬದಲಿಸಿ, ಕಾಯಿ ಸುಲಿಯುವ ಕೂಲಿಗೆ ಹೋಗಿ, ಮಧ್ಯಾಹ್ನ ಬಂದು ಮಗ್ಗುಲು ಬದಲಿಸಿ ಊಟ ಕೊಡುತ್ತಿದ್ದಳು.

ಮೊದಲ ಆಟ ಚೆಂಡಿನದು. ಚೆಂಡು ಹಿಡಿದವರು ಅವತ್ತು ತಾವು ಕಂಡ ಒಂದು ಬಣ್ಣ ಹೇಳಿ, ಚೆಂಡನ್ನು ಇನ್ನೊಬ್ಬರಿಗೆ ಎಸೆಯಬೇಕು. ನಾನು ದಾಸವಾಳದ ಕೆಂಪು ಹೇಳಿ ಎಸೆದೆ. ಚೆಂಡು ಆತನ ಎದೆಯ ಮೇಲೆ ಬಿತ್ತು. ಆತ ಅದನ್ನು ಮುಟ್ಟಲಿಲ್ಲ.

"ಒಂದು ಬಣ್ಣ ಹೇಳಿ ಅಣ್ಣ."

"ಮಸಿ," ಎಂದ. ತಲೆಯ ಮೇಲೆ ಹೊಗೆ ಹಿಡಿದ ಸೂರು ಇತ್ತು.

ಮುಂದಿನ ವಾರವೂ ಮಸಿ. ಅದರ ಮುಂದಿನ ವಾರವೂ ಅದೇ. ಮಾತು ಬಂತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಆಮೇಲೆ ಹಾಳೆ ಕೊಟ್ಟು, ನಿಮಗೆ ಇಷ್ಟವಾದ ಒಂದು ಜಾಗ ಬರೆಯಿರಿ ಎಂದೆ. ತರಬೇತಿಯಲ್ಲಿ ಹಾಗೇ ಹೇಳಿಕೊಟ್ಟಿದ್ದರು. ಆತ ಬರೆಯಲಿಲ್ಲ. ದಾರಿ ತೋರಿಸೋಣವೆಂದು ನಾನೇ ಒಂದು ಕೆರೆ, ಏರಿ, ಏರಿಯ ಮೇಲೆ ತೆಂಗಿನ ಮರ ಬರೆದೆ. ಆತ ಹಾಳೆ ಕಿತ್ತುಕೊಂಡು ಹರಿದು, ಆ ಚೂರುಗಳನ್ನೂ ಹರಿದ.

"ಮಕ್ಕಳಾಟ ಆಡ್ಸಕ್ಕೆ ಬಂದಿದೀರಾ ಮೇಡಮ್ಮೋರೆ? ಕಾಲಿಗೇನಾದ್ರೂ ತಂದಿದ್ರೆ ಕೊಡಿ, ಇಲ್ದಿದ್ರೆ ಹೋಗಿ."

ಒಳಗಿನಿಂದ ತಾಯಿ ಓಡಿ ಬಂದರು. "ಹಂಗನ್ಬ್ಯಾಡ ಕಣಪ್ಪ. ಡಾಕ್ಟ್ರು ಏನಂದವ್ರೆ? ನಿಧಾನಕ್ಕೆ ಬತ್ತವೆ ಅಂದಿಲ್ವಾ? ಬತ್ತವೆ ಬುಡು."

ಆ ಮಾತನ್ನು ಅವರು ದಿನವೂ ಹೇಳುತ್ತಿದ್ದರು. ಹೆಂಡತಿಯೂ ತಲೆ ಅಲ್ಲಾಡಿಸುತ್ತಿದ್ದಳು. ಆತ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ.

ಮಣ್ಣು ಸ್ವಲ್ಪ ಕೆಲಸ ಮಾಡಿತು. ಕೆರೆಯ ಜೇಡಿಯನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಒಣಗಿದಾಗ ಬಿರುಕು ಬಿಡದಿರಲಿ ಎಂದು ಸಣ್ಣಗೆ ಕತ್ತರಿಸಿದ ತೆಂಗಿನ ನಾರು ಸೇರಿಸಿ ನಾದುತ್ತಿದ್ದೆ. ಆತನನ್ನು ಮಂಚದಿಂದ ಇಳಿಸಿ, ಹತ್ತಿಯ ದಿಂಬಿನ ಮೇಲೆ ಕೂರಿಸಿ, ಕಂಬಕ್ಕೆ ಒರಗಿಸುತ್ತಿದ್ದೆವು. ನಾನು ಚಪ್ಪಾಳೆ ತಟ್ಟಿದಾಗಲೆಲ್ಲ ಕೈಯೂರಿ ಮೈ ಎತ್ತಬೇಕು. ಹಾಗೆ ಸಂಯೋಜಕರ ವ್ಯಾಯಾಮವನ್ನೂ ಆಟದೊಳಗೆ ಸೇರಿಸಿದ್ದೆ. ಕಣ್ಣು ಮುಚ್ಚಿ ಮಣ್ಣು ಹಿಸುಕಿ ಎಂದರೆ ಆತ ಹಿಸುಕುತ್ತಿದ್ದ. ತೋಳುಗಳಲ್ಲಿ ಮರ ಹತ್ತಿದ ಶಕ್ತಿ ಇನ್ನೂ ಇತ್ತು. ಉಂಡೆ ಮಾಡುವುದು, ಅದನ್ನು ಎತ್ತಿ ನೆಲಕ್ಕೆ ಅಪ್ಪಳಿಸುವುದು. ಮತ್ತೆ ಉಂಡೆ, ಮತ್ತೆ ಅಪ್ಪಳಿಸುವುದು. ಬೇರೆ ಯಾವ ಆಕಾರವನ್ನೂ ಮಾಡಲಿಲ್ಲ. ಸಿಟ್ಟು ಹೊರಗೆ ಬರುತ್ತಿದೆ ಎಂದು ನನಗೆ ಖುಷಿ.

ಒಂದು ದಿನ ಹೊರಟು ನಿಂತಾಗ ಹೆಂಡತಿ ಜಗಲಿಯಲ್ಲಿ ತಡೆದಳು. "ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ ಅಕ್ಕ. ನಿಮ್ಮಾಟ ಮುಗುದ್ ಮ್ಯಾಲೆ ಗ್ವಾಡೆ, ನೆಲ ಎಲ್ಲಾ ಸಾರ್ಸೋಳು ನಾನು. ಕೂಲಿಯಿಂದ ಬಂದು ಅದೊಂದು ಕೆಲ್ಸ ಜಾಸ್ತಿ."

ನಾನು ಚೀಲ ಇಳಿಸಿ ಒಳಗೆ ಹೋಗಿ ನೆಲ ಸಾರಿಸಿದೆ. ಆಕೆ ಬೇಡ ಬೇಡವೆಂದು ಕೈ ಹಿಡಿದಳು. ಆಮೇಲೆ ಪ್ರತಿ ಸಲವೂ ಸಾರಿಸಿಯೇ ಹೊರಡುತ್ತಿದ್ದೆ. ಆ ಹೊತ್ತಿನಲ್ಲಿ ಆಕೆಗೆ ಕೆಲಸವಿರುತ್ತಿರಲಿಲ್ಲ. ಒಂದು ದಿನ ಕೂಲಿಯಿಂದ ಬಂದವಳು ಹೊಸಿಲ ಬಳಿ ಕುಳಿತು ಉಳಿದ ಮಣ್ಣನ್ನು ಕೈಗೆ ತೆಗೆದುಕೊಂಡಳು. ಯಾರೂ ಹೇಳದೆಯೇ ಒಂದು ಎಮ್ಮೆಗರು ಮಾಡಿದಳು. ಕಿವಿ ಎರಡೂ ಬೇರೆ ಬೇರೆ ಕಡೆ ತಿರುಗಿದ್ದವು. ಅದನ್ನು ನೋಡಿ ಆಕೆಗೆ ನಗು ಬಂತು. ಗಂಡ ಕತ್ತು ತಿರುಗಿಸಿ ನೋಡಿದ. ಒಂದು ವರ್ಷದಿಂದ ಆ ಮನೆಯಲ್ಲಿ ನಗು ಕೇಳಿರಲಿಲ್ಲವೋ ಏನೋ, ಆಕೆ ತಪ್ಪು ಮಾಡಿದವಳಂತೆ ಬಾಯಿ ಮುಚ್ಚಿಕೊಂಡಳು.

"ನಗು," ಎಂದ ಆತ. "ನಾನೇನ್ ಬ್ಯಾಡ ಅಂದ್ನಾ?"

ಅಂದಿನಿಂದ ಮೂವರೂ ಆಡತೊಡಗಿದೆವು. ಮುಖವಾಡ ಮಾಡೋಣ ಎಂದವಳು ನಾನು. ಬೋಗುಣಿ ಮಗುಚಿ ಅದರ ಬೆನ್ನಿಗೆ ಎಣ್ಣೆ ಸವರಿದೆವು. ಹಳೆಯ ಪತ್ರಿಕೆಯನ್ನು ಪಟ್ಟಿ ಹರಿದು ನೀರಲ್ಲಿ ನೆನೆಸಿದೆವು. ಮೈದಾ ಅಂಟು ಕಾಯಿಸಿ, ಹುಳ ಹಿಡಿಯದಿರಲು ಚಿಟಿಕೆ ಮೈಲುತುತ್ತ ಹಾಕಿದೆವು. ಮೊದಲ ಪದರ ಬರೀ ನೀರಿನದು, ಇಲ್ಲದಿದ್ದರೆ ಮುಖವಾಡ ಬೋಗುಣಿಯಿಂದ ಏಳುವುದಿಲ್ಲ. ಆಮೇಲೆ ಅಂಟಿನ ಪದರಗಳು, ಒಂದು ಅಡ್ಡ, ಒಂದು ಉದ್ದ. ಹಣೆ, ಮೂಗು, ಗಲ್ಲವನ್ನು ಕಾಗದದ ಮುದ್ದೆಯಿಂದ ಎಬ್ಬಿಸಬೇಕು. ಬಿಸಿಲಲ್ಲಿ ಇಟ್ಟರೆ ಸೊಟ್ಟಗಾಗುತ್ತದೆ, ನೆರಳಲ್ಲೇ ಒಣಗಬೇಕು. ಮೊದಲ ಮುಖವಾಡವನ್ನು ತಾಯಿ ಗೊತ್ತಿಲ್ಲದೆ ಹಂಚಿನ ಮೇಲೆ ಬಿಸಿಲಿಗಿಟ್ಟಿದ್ದರಿಂದ ಅದು ಸುರುಟಿಹೋಯಿತು. ಎರಡನೆಯದು ನಿಂತಿತು. ಸುಣ್ಣ ಬಳಿದು, ಹುಬ್ಬು ತೀಡಿ, ಕಣ್ಣಿನ ತೂತು ಕೊರೆದದ್ದು ಆತನೇ. ಹೆಂಡತಿ ತಂತಿ ಬಗ್ಗಿಸಿ ಕನ್ನಡಕ ಇಟ್ಟಳು.

"ಡಾಕ್ಟ್ರಾದ ನೋಡು," ಎಂದಳು.

ಆತ ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆ ತೊಡೆಗೆ ಅದರ ಭಾರ ತಿಳಿಯುತ್ತಿರಲಿಲ್ಲ.

ಪಾತ್ರ ಅದಲುಬದಲು ಮಾಡುವ ಆಟ ಆಡಿದ್ದು ಅದಾದ ವಾರ. ತಾಯಿ ಎಮ್ಮೆ ಹೊಡೆದುಕೊಂಡು ಹೊರಗೆ ಹೋಗಿದ್ದರು. ಗಂಡ ಹೆಂಡತಿಯಾಗುವುದು, ಹೆಂಡತಿ ಗಂಡನಾಗುವುದು ಎಂದು ನಾನು ಯೋಚಿಸಿಕೊಂಡು ಬಂದಿದ್ದೆ. ಆತ ಒಪ್ಪಲಿಲ್ಲ. "ನಾನು ಡಾಕ್ಟ್ರು. ಅವ್ಳು ನಾನಾಗ್ಲಿ," ಎಂದ. ಆಕೆ ಮೊದಲು ನಾಚಿಕೊಂಡಳು. ಆಮೇಲೆ ಗಂಡನ ಮಂಚದ ಮೇಲೆ ಮಲಗಿ, ಕಂಬಳಿಯನ್ನು ಸೊಂಟದವರೆಗೂ ಎಳೆದುಕೊಂಡಳು. ಆತ ಬಿದ್ದ ಮೇಲೆ ಆ ಮಂಚದಲ್ಲಿ ಆಕೆ ಮಲಗಿದ್ದು ಅದೇ ಮೊದಲಿರಬೇಕು. ಮೇಲಿನ ಸೂರನ್ನು ನೋಡಿದಳು. ಮುಖದ ಮೇಲಿನ ನಗು ಹೋಯಿತು.

ಕಂಬಕ್ಕೆ ಒರಗಿದ್ದ ಆತ ಮುಖವಾಡ ಕಟ್ಟಿಕೊಂಡ.

"ಡಾಕ್ಟ್ರೇ, ನನ್ ಕಾಲು ಯಾವಾಗ ಬತ್ತವೆ?" ಎಂದು ಆಕೆ ಕೇಳಿದಳು.

ಆತ ತಂತಿಯ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡ. ಆಮೇಲೆ ಮುಖವಾಡದ ಹಿಂದಿನಿಂದ ಪೇಟೆಯವರ ಮಾತಿನ ಧಾಟಿಯಲ್ಲಿ ದನಿ ಬಂತು.

"ನೋಡಪ್ಪಾ, ನಿಂಗೆ ಸುಳ್ಳು ಹೇಳಲ್ಲ. ಬೆನ್ನೊಳಗಿನ ನರ ಕತ್ತರಿಸಿಹೋಗಿದೆ. ಕಾಲು ಬರಲ್ಲ. ಇವತ್ತೂ ಬರಲ್ಲ, ನಾಳೆನೂ ಬರಲ್ಲ. ಮನೆಗೆ ಹೋಗು."

ನಾನು ಚಪ್ಪಾಳೆ ತಟ್ಟಿ ಆಟ ನಿಲ್ಲಿಸಬಹುದಿತ್ತು. ಹೆಂಡತಿ ಎದ್ದು ಕೂರುತ್ತಾಳೆ ಎಂದುಕೊಂಡೆ. ಆಕೆ ಏಳಲಿಲ್ಲ.

"ಹಂಗಾದ್ರೆ ನನ್ನೆಂಡ್ತಿ ಏನ್ ಮಾಡ್ಬೇಕು ಡಾಕ್ಟ್ರೇ?"

"ತವರಿಗೆ ಹೋಗು ಅಂತ ಹೇಳು."

"ಹೋಗಲ್ಲ ಅಂತಾಳೆ."

"ಯಾಕಂತೆ?"

"ಜನ ಏನಂದ್ಕತ್ತಾರೆ ಅಂತ." ಆಕೆಯ ಕಣ್ಣು ಸೂರಿನ ಮೇಲೇ ಇತ್ತು. "ಸುಸ್ತಾಗೈತೆ ಡಾಕ್ಟ್ರೇ ಅವ್ಳಿಗೆ. ಮೊನ್ನೆ ಎಮ್ಮೆಗರು ಸತ್ತೋಯ್ತು. ಕೊಟ್ಟಿಗೆಲಿ ಕುಂತ್ಕೊಂಡು ಅತ್ಲು. ನಂಗೋಸ್ಕರ ಯಾವತ್ತೂ ಹಂಗೆ ಅತ್ತಿರ್ಲಿಲ್ಲ. ನಾನ್ ಮಲಗಿದ್ದಲ್ಲಿಂದ್ಲೇ ಕೇಳಿಸ್ಕೊಂಡೆ."

"ಕೇಳಿಸ್ಕೊಂಡು ಏನ್ ಮಾಡ್ದೆ?"

"ಏನೂ ಇಲ್ಲ. ಗ್ವಾಡೆ ಕಡೆ ತಿರಿಕ್ಕೊಂಡೆ."

ಬಾಗಿಲಲ್ಲಿ ತಾಯಿ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಕೈಯಲ್ಲಿದ್ದ ಕೋಲನ್ನು ನನ್ನ ಕಡೆ ಚಾಚಿದರು.

"ಏನ್ ನುಡುಸ್ತಿದೀಯೇ ನನ್ ಮಗನ್ ಬಾಯಲ್ಲಿ? ಮನೆ ಹಾಳು ಮಾಡಕ್ಕೆ ಬಂದಿದೀಯಾ?"

ಆತ ಮುಖವಾಡ ಬಿಚ್ಚಿ ಪಕ್ಕಕ್ಕಿಟ್ಟ. ಮುಖದಲ್ಲೆಲ್ಲ ಬೆವರು. "ಅವ್ವ, ಆಸ್ಪತ್ರೇಲಿ ಡಾಕ್ಟ್ರು ನಿನ್ನ ಹೊರಕ್ಕೆ ಕರ್ಕೊಂಡೋಗಿ ಹಿಂಗೇ ಹೇಳಿದ್ರು ಅಲ್ವಾ?"

"ಇಲ್ಲ ಕಣಪ್ಪ, ನಿನ್ನಾಣೆ ಇಲ್ಲ. ಬತ್ತವೆ ಅಂದ್ರು."

"ನಿಂಗೇನಂದ್ರು?" ಎಂದು ಹೆಂಡತಿಯನ್ನು ಕೇಳಿದ. ಆಕೆ ಮಂಚದಿಂದ ಇಳಿದು ನೆಲ ನೋಡುತ್ತಾ ನಿಂತಳು. ಅವರಿಬ್ಬರಿಗೂ ಗೊತ್ತಿತ್ತು. ಆತನಿಗೂ ಗೊತ್ತಿತ್ತು. ಮತ್ತೊಬ್ಬರ ಎದೆ ಒಡೆಯಬಾರದೆಂದು ಮೂವರೂ ವರ್ಷಕ್ಕೂ ಮೇಲೆ ಆ ನಡುಮನೆಯಲ್ಲಿ ಸುಳ್ಳು ಹೇಳಿಕೊಂಡು ಬದುಕಿದ್ದರು.

ಕೊನೆಗೆ ಆತ ನನ್ನ ಕಡೆ ನೋಡಿದ. "ನೀವ್ ಹೇಳಿ ಮೇಡಮ್ಮೋರೆ. ನೀವು ಓದ್ದೋರು. ಬತ್ತವೋ, ಬರಲ್ವೋ?"

ಸಂಯೋಜಕರ ಮಾತು ನೆನಪಿತ್ತು. ವ್ಯಾಯಾಮ ಮಾಡ್ತಾ ಇರಿ ಎಂದರೆ ಮುಗಿಯುತ್ತಿತ್ತು. ಆದರೆ ಆ ಮಾತು ಹೇಳಿದ್ದರೆ ನಾನು ಅಲ್ಲಿಯವರೆಗೆ ಆಡಿಸಿದ್ದೆಲ್ಲ ಅವರನ್ನು ಮರೆಸಲು ಹೂಡಿದ ಕಣ್ಕಟ್ಟಾಗುತ್ತಿತ್ತು. ಮಾತಾಡಿ, ಒಳಗಿರುವುದನ್ನು ಹೊರಗೆ ಹಾಕಿ ಎಂದು ತಿಂಗಳುಗಟ್ಟಲೆ ಕೇಳಿದವಳು ನಾನೇ.

"ಬರಲ್ಲ ಅಣ್ಣ," ಎಂದೆ.

ತಾಯಿ ಹೊಸಿಲ ಮೇಲೆ ಕುಸಿದು ಕೂತರು. ಆತ ಸುಮ್ಮನೆ ತಲೆ ಆಡಿಸಿದ. ಆ ದಿನ ನೆಲ ಸಾರಿಸಲು ಮನೆಯವರು ನನ್ನನ್ನು ಬಿಡಲಿಲ್ಲ.

ಸಂಯೋಜಕರಿಗೆ ನಾನೇ ಹೋಗಿ ಹೇಳಿದೆ. ಅವರು ಕೂಗಾಡುವ ಮನುಷ್ಯರಲ್ಲ. "ನಿಮ್ಮ ಮಾತು ಸುಳ್ಳಲ್ಲ," ಎಂದರು. "ಆದರೆ ಆ ಆಸೆ ಇದ್ದದ್ದಕ್ಕೇ ಆತ ಕೈಯೂರಿ ಮೈ ಎತ್ತುತ್ತಿದ್ದ. ಇನ್ನು ಯಾತಕ್ಕೆ ಎತ್ತುತ್ತಾನೆ?" ಆ ಮನೆಗೆ ಹೋಗಬೇಡಿ ಎಂದು ನನ್ನನ್ನು ಹಾಲ್ಕುರಿಕೆಯ ಕಡೆಗೆ ಹಾಕಿದರು.

ಅವರು ಹೇಳಿದಂತೆಯೇ ಆಯಿತು. ಆತ ವ್ಯಾಯಾಮ ಬಿಟ್ಟ. ಮಗ್ಗುಲು ಬದಲಿಸಲು ಹೆಂಡತಿ ಬಂದರೆ, "ಇರ್ಲಿ ಬುಡು, ಹಿಂಗೇ ಚೆನ್ನಾಗೈತೆ," ಎನ್ನುತ್ತಿದ್ದನಂತೆ. ಆದರೆ ಹೆಂಡತಿಯ ಜೊತೆ ಮಾತು ಶುರುವಾಗಿತ್ತಂತೆ. ಒಂದು ದಿನ ಹೆಂಡತಿ ತಿಪಟೂರಿನ ನಮ್ಮ ಆಫೀಸಿಗೇ ಬಂದು, "ಒಂದ್ಸಲ ಬರ್ಬೇಕಂತೆ ಅಕ್ಕ. ಅತ್ತೇನೂ ಒಪ್ಪವ್ರೆ," ಎಂದಳು. ಸಂಯೋಜಕರು ಕಿಟಕಿಯ ಕಡೆ ನೋಡುತ್ತಾ, "ಹೋಗಿ ಬನ್ನಿ," ಎಂದರು.

ಹೋದೆ. ಚೀಲ ಒಯ್ಯಲಿಲ್ಲ. ಬೆನ್ನ ಕೆಳಗೆ ಹುಣ್ಣು ಬಿದ್ದಿತ್ತು. ವಾಸನೆ ಬಾಗಿಲಿಗೇ ಬರುತ್ತಿತ್ತು. ಆಸ್ಪತ್ರೆಗೆ ಹೋಗೋಣ ಎಂದೆ. "ಅದಿರ್ಲಿ," ಎಂದ. "ಮಂಚನ ಹೊರಕ್ಕೆ ಹಾಕ್ಸಿ. ಮರ ನೋಡ್ಬೇಕು."

ನಾವು ಮೂವರು ಹೆಂಗಸರು ಮಂಚ ಎತ್ತಿ ಜಗಲಿಗೆ ತಂದೆವು. ಎದುರು ತೋಟದಲ್ಲಿ ಕಾಯಿ ಕೆಡವುತ್ತಿದ್ದರು. ಬೇರೆ ಒಬ್ಬ, ಆತನ ಹಳೆಯ ಜೊತೆಗಾರ, ಮರದ ತಲೆಯ ಹತ್ತಿರವಿದ್ದ. ಮಂಚದಲ್ಲಿದ್ದ ಆತ ಬೆಳಕಿಗೆ ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ನೋಡಿದ. ಇದ್ದಕ್ಕಿದ್ದಂತೆ ಮೊಣಕೈ ಊರಿ ಎದೆ ಎತ್ತಿದ.

"ಲೇ, ಎಡಗಾಲು ಬಿಗಿ ಮಾಡ್ಲಾ! ಆ ಗರಿ ಹಿಡೀಬ್ಯಾಡ, ಒಣಗೈತೆ ಅದು!"

ಮರದ ಮೇಲಿದ್ದವನು ಕೆಳಗೆ ನೋಡಿ ನಕ್ಕ. ಕೆಟ್ಟ ಮನಸ್ಸಿನಿಂದಲ್ಲ, ಹಳೆಯ ಸಲಿಗೆಯಿಂದ. "ನೀನ್ ಸುಮ್ಕೆ ಮಲಿಕ್ಕಳ್ಲಾ! ನಿಂಗ್ಯಾಕೆ ಮರದ್ ಚಿಂತೆ?"

ಕಾಯಿಗಳು ದಪದಪನೆ ಬಿದ್ದವು. ಆತ ಎದೆಯನ್ನು ಮೆಲ್ಲಗೆ ಮಂಚಕ್ಕೆ ಇಳಿಸಿದ.

"ಸಾಕು," ಎಂದ. "ಒಳಕ್ಕೆ ಹಾಕಿ."

ನಾವು ಒಳಗೆ ಹಾಕಿದೆವು. ಈ ಸಲ ಆತ ಗೋಡೆಯ ಕಡೆ ತಿರುಗಲಿಲ್ಲ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ತಾಯಿ ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಕುಡಿದು ಹೊರಟೆ.

ಮಳೆಗಾಲ ಹಿಡಿಯುವ ಮೊದಲೇ ಜ್ವರ ಏರಿತು. ಹುಣ್ಣಿನ ನಂಜು ರಕ್ತಕ್ಕೆ ಹೋಗಿತ್ತು. ಆಸ್ಪತ್ರೆಗೆ ಸೇರಿಸಿದರು, ಉಳಿಯಲಿಲ್ಲ. ನಾನು ಆತನ ಮಣ್ಣಿಗೆ ಹೋಗಿದ್ದೆ. ತಾಯಿ ನನ್ನನ್ನು ನೋಡಿಯೂ ನೋಡದಂತೆ ಇದ್ದರು. ಅದೇ ವರ್ಷ ನಮ್ಮ ಸಂಸ್ಥೆಗೆ ಬರುತ್ತಿದ್ದ ನೆರವು ನಿಂತು ಕೆಲಸವೂ ಮುಗಿಯಿತು. ಹಾಲ್ಕುರಿಕೆಯಲ್ಲಿ ಇನ್ನೊಬ್ಬ ರೋಗಿಯ ಜೊತೆ ಆರಂಭಿಸಿದ್ದ ಮುಖವಾಡ ಅರ್ಧಕ್ಕೇ ಉಳಿಯಿತು. ನಾನು ತುರುವೇಕೆರೆಗೆ ವಾಪಸು ಬಂದು ಒಂದು ಶಾಲೆಯಲ್ಲಿ ಪಾಠಕ್ಕೆ ಸೇರಿದೆ. ಅಲ್ಲಿ ಮಕ್ಕಳಿಗೆ ಚಿತ್ರ ಬರೆಸುವಾಗಲೂ, ಇದರಿಂದ ನಿಮಗೆ ಒಳ್ಳೆಯದಾಗುತ್ತದೆ ಎಂಬ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ತಿಪಟೂರಿಗೆ ಹೋದಾಗ ಕೊಬ್ಬರಿ ಮಂಡಿಯ ಹತ್ತಿರ ಯಾರೋ "ಅಕ್ಕಾ" ಎಂದು ಕೂಗಿದರು. ಆಕೆಯೇ. ತಲೆಗೆ ಬಟ್ಟೆ ಕಟ್ಟಿಕೊಂಡು ಕೊಬ್ಬರಿ ವಿಂಗಡಿಸುವ ಹೆಂಗಸರ ನಡುವೆ ಕೂತಿದ್ದಳು. ಎದ್ದು ಬಂದಳು. ತವರಿಗೆ ಹೋಗಿಲ್ಲವೆಂದೂ, ಅತ್ತೆ ಜೊತೆಗೇ ಇದ್ದಾರೆಂದೂ ಹೇಳಿದಳು. ಇಬ್ಬರೂ ಆತನ ಸುದ್ದಿ ಎತ್ತುವುದಿಲ್ಲವಂತೆ.

"ಈಗ್ಲೂ ಆಟ ಆಡುಸ್ತೀರಾ?" ಎಂದು ಕೇಳಿದಳು.

"ಇಲ್ಲ. ಬಿಟ್ಟುಬಿಟ್ಟೆ."

ಆಕೆ ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. "ನೀವು ಅವತ್ತು ಬರಲ್ಲ ಅನ್ನದೆ ಇದ್ದಿದ್ರೆ, ಅವ್ರು ಇನ್ನೊಂದೆರಡು ವರ್ಸ ಇರ್ತಿದ್ರೇನೋ ಅಕ್ಕ."

ನಾನು ಆಕೆಯ ಜೊತೆ ಮಂಡಿಯ ಗೋಡೆಯ ನೆರಳಿಗೆ ಸರಿದೆ.

"ಇದ್ದಿದ್ರೆ ಆ ಎರಡು ವರ್ಸಾನೂ ಬತ್ತವೆ ಬತ್ತವೆ ಅಂತ್ಲೇ ಹೇಳ್ಬೇಕಿತ್ತು ನಾನು," ಎಂದಳು. "ಕೊನೆಗೆ ಒಂದಷ್ಟು ದಿನ ಇಬ್ರೂ ಮಾತಾಡ್ಕೊಂಡ್ವಿ. ಲಗ್ನಾದಾಗಿಂದ ಹಂಗೆ ಮಾತಾಡಿರ್ಲಿಲ್ಲ. ಎರಡ್ರಲ್ಲಿ ಯಾವ್ದು ಬೇಕಿತ್ತು ಅಂತ ಯಾರಾದ್ರೂ ಕೇಳಿದ್ರೆ ನಂಗೆ ಗೊತ್ತಿಲ್ಲ. ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ," ಎಂದೆ.

"ಹೋಗ್ಲಿ ಬುಡಿ," ಎಂದಳು. ಮಂಡಿಯ ಒಳಗಿನಿಂದ ಮೇಸ್ತ್ರಿ ಕೂಗಿದ. ಆಕೆ ಬಟ್ಟೆಯನ್ನು ಮತ್ತೆ ತಲೆಗೆ ಬಿಗಿದು, "ಬತ್ತೀನಿ ಅಕ್ಕ," ಎಂದು ಕೊಬ್ಬರಿಯ ರಾಶಿಯ ಕಡೆಗೆ ನಡೆದಳು.